ವಾಗಣಗೇರಾದ ಕಾಗದ, ಅಪ್ಪನ ಮೊಬೈಲು

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ನೆಪಗಳಿಗೇನು ಕೊರತೆಯಿಲ್ಲ. ಆದರೆ ನಿಜ ಹೇಳಬೇಕೆಂದರೆ ಬರೆಯಬೇಕಾದ ವಿಷಯ ಒಂದೇ ಇತ್ತು, ಅದನ್ನು ಬರೆಯಲು ಅಪ್ಪ ಒಪ್ಪಿರಲಿಲ್ಲ. ಮೊನ್ನೆ ಊರಿಗೆ ಹೋದಾಗ ಅವರೇ "ಬರಿಯಪ್ಪಾ, ಇನ್ನೊಬ್ಬರು ಬೀಳೂದು ತಪ್ಪಿದ್ರ ತಪ್ಪಲಿ" ಅಂದರು. ಹಾಗಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಚಹಾ ತಗೊಂಡು ಕೂತುಕೊಳ್ಳಿ :)

ನನ್ನ ಊರು ಶಹಾಪುರ. ಊರಿನ ಬೆಟ್ಟ ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದೇ ಶಹಾಪುರ. ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಶಹಾಪುರ, ಸುರಪುರ, ಯಾದಗಿರಿ, ಮೂರೂ ಕಡೆ ಅವರ ಶಿಷ್ಯರಿದ್ದಾರೆ. ಬಸ್ಸು ಹತ್ತಿದರೆ ಕಂಡಕ್ಟರು "ನಮಸ್ಕಾರ್ರೀ ಸರ" ಅನ್ನುತ್ತಾನೆ, ಬ್ಯಾಂಕಿಗೆ ಹೋದರೆ ಒಳಗಿಂದ ಯಾರೋ ಎದ್ದು ಬಂದು ಕುರ್ಚಿ ಹಾಕುತ್ತಾರೆ. ಅಂಥ ಮನುಷ್ಯ.

ಹಿಂದಿನ ನವೆಂಬರಿನಲ್ಲಿ ಒಂದು ರಾತ್ರಿ ಅವ್ವ ಫೋನ್ ಮಾಡಿದಳು. ದನಿ ಸಣ್ಣದು ಮಾಡಿಕೊಂಡು ಮಾತಾಡುತ್ತಿದ್ದಳು.

"ತಮ್ಮಾ, ನಿಮ್ಮಪ್ಪ ನಾಕು ದಿನ ಆತು ಸರಿಯಾಗಿ ಉಂಡಿಲ್ಲ. ಏನಾಗ್ಯದಂತ ಕೇಳಿದ್ರ ಹೇಳವಲ್ಲರು. ಇವತ್ತ ಬಾಯಿ ಬಿಟ್ಟಾರ. ಬ್ಯಾಂಕಿನ್ಯಾಗಿಂದ ರೊಕ್ಕ ಹೋಗ್ಯಾವಂತ. ನಿನಗ ಹೇಳಬ್ಯಾಡ ಅಂದಾರ."

ಹೋದದ್ದು ರೂ. 1,12,000. ನಾಲ್ಕು ದಿನದ ಹಿಂದೆ.

ನಡೆದದ್ದು ಇಷ್ಟು. ನವೆಂಬರ್ ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಸರ್ಟಿಫಿಕೇಟು ಕೊಡುವ ತಿಂಗಳು. ಅಪ್ಪ ಅದನ್ನು ಆಗಲೇ ಕೊಟ್ಟಿದ್ದರು. ಒಂದು ಬೆಳಿಗ್ಗೆ ಫೋನ್ ಬಂತು. "ಸರ್, ಖಜಾನೆಯಿಂದ ಮಾತಾಡ್ತಾ ಇದ್ದೀವಿ. ನಿಮ್ಮ ಜೀವಿತ ಪ್ರಮಾಣ ಪತ್ರ ಕಂಪ್ಯೂಟರಿನಲ್ಲಿ ಏರಿಲ್ಲ. ಇವತ್ತು ಸಂಜೆಯೊಳಗೆ ಏರದಿದ್ದರೆ ಈ ತಿಂಗಳ ಪಿಂಚಣಿ ನಿಲ್ಲುತ್ತದೆ." ಅಚ್ಚಗನ್ನಡ, ಮಾತಿಗೊಮ್ಮೆ ಸರ್. ಅಪ್ಪ ನಿವೃತ್ತರಾದ ತಾರೀಖು, ಶಾಲೆಯ ಹೆಸರು, ಬ್ಯಾಂಕಿನ ಶಾಖೆ, ಎಲ್ಲ ಅವನೇ ಹೇಳಿದನಂತೆ. "ನೀವು ಯಾದಗಿರಿವರೆಗೆ ಬರೋದು ಬೇಡ ಸರ್, ವಯಸ್ಸಾದವರಿಗೆ ತೊಂದರೆ ಆಗಬಾರದು ಅಂತ ವಾಟ್ಸ್ಯಾಪಿನಲ್ಲೇ ಕಳಿಸ್ತೀವಿ" ಅಂದನಂತೆ. ಕಳಿಸಿದ್ದನ್ನು ಅಪ್ಪ ಒತ್ತಿದರು, ಸರ್ಕಾರದ ಲಾಂಛನ ಇದ್ದ ಒಂದು ಫಾರ್ಮು ತೆರೆಯಿತು, ಕೇಳಿದ್ದನ್ನೆಲ್ಲ ತುಂಬಿದರು. ಖಾತೆ ನಂಬರು, ಕಾರ್ಡ್ ನಂಬರು, ಪಿನ್ನು. ಅದು ಆ್ಯಪು. ಮೊಬೈಲಿಗೆ ಬರುವ ಒಟಿಪಿಯನ್ನು ಕದ್ದು ಅತ್ತ ಕಳಿಸುವ ಆ್ಯಪು. ಇಪ್ಪತ್ತು ನಿಮಿಷದಲ್ಲಿ ಮೂರು ಕಂತಿನಲ್ಲಿ ದುಡ್ಡು ಹೋಯಿತು.

ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿ ಇರುವವನು. ಅಪ್ಪನಿಗೆ ಫೋನ್ ಕೊಡು ಅಂದೆ. ಅವರು ಹಲೋ ಅನ್ನುವ ಮೊದಲೇ ನಾನು ಹೇಳಿದ್ದು, "ಅಪ್ಪಾ, ಅಷ್ಟು ಓದಿದವರು ನೀವು, ಪಿನ್ ಯಾರಾದ್ರೂ ಕೊಡ್ತಾರೇನು?"

ಅವರು ಏನೂ ಹೇಳಲಿಲ್ಲ. ಫೋನನ್ನು ಅವ್ವನ ಕೈಗೆ ಕೊಟ್ಟರು.

ಆ ಒಂದು ಮಾತಿಗೆ ಇವತ್ತಿಗೂ ನಾನು ನಾಚುತ್ತೇನೆ. ಈ ಬರಹ ಒಂದು ರೀತಿಯಲ್ಲಿ ಅದರ ಪ್ರಾಯಶ್ಚಿತ್ತ.

*

ಯಾಕೆ ನಾಚಿಕೆ ಅಂದರೆ, ಮೋಸದ ಪಾಠವನ್ನು ನನಗೆ ಮೊದಲು ಹೇಳಿಕೊಟ್ಟವರೇ ಅಪ್ಪ. ಪ್ರತಿ ವರ್ಷ ಒಂಬತ್ತನೇ ಇಯತ್ತೆಯ ಹುಡುಗರನ್ನು ಕರೆದುಕೊಂಡು ಸುರಪುರದ ಹತ್ತಿರದ ವಾಗಣಗೇರಾಕ್ಕೆ ಹೋಗುತ್ತಿದ್ದರು. ಸುರಪುರ ಅಂದರೆ ಎಲ್ಲರೂ 1857-58ರ ಬಂಡಾಯದ ರಾಜಾ ವೆಂಕಟಪ್ಪ ನಾಯಕರ ಬಗ್ಗೆ ಹೇಳುತ್ತಾರೆ. ಹೇಳಲೇಬೇಕು ಬಿಡಿ. ಆದರೆ ಅಪ್ಪನಿಗೆ ಪ್ರೀತಿಯ ಕಥೆ ಅದಕ್ಕಿಂತ ನೂರೈವತ್ತು ವರ್ಷ ಹಿಂದಿನದು. ಪುಸ್ತಕದಲ್ಲಿ ಇಲ್ಲದ ಪಾಠ.

1687ರಲ್ಲಿ ಮೊಘಲರು ಸಗರವನ್ನು ತಗೊಂಡರು. ಸಗರ ನಮ್ಮ ಶಹಾಪುರದ ಪಕ್ಕದ ಊರು, ಆಗ ಬೇಡರ ನಾಯಕರ ರಾಜಧಾನಿ. ಅಲ್ಲಿನ ಪಾಮ ನಾಯಕ ಶರಣಾದ, ಸ್ವಲ್ಪ ದಿನದಲ್ಲೇ ತೀರಿಕೊಂಡ. ಅವನ ಮನೆತನದ ಪಿಡ್ಡನಾಯಕ ವಾಗಣಗೇರಾದ ಗುಡ್ಡದಲ್ಲಿ ಕೋಟೆ ಕಟ್ಟಿ ನಿಂತ. ಮೊಘಲರ ಕಾಗದಪತ್ರಗಳಲ್ಲಿ ಇವನ ಹೆಸರು ಪಿಡಿಯಾ. ಬೇಡರ ಬಂದೂಕುಗಾರರ ಗುರಿ ಅಂದರೆ ಆಗ ದಖ್ಖನ್ನಿಗೇ ಹೆಸರು. ಎಷ್ಟೋ ಸರದಾರರು ಬಂದು ಹೋದರು, ಕೋಟೆ ಬಗ್ಗಲಿಲ್ಲ. ಕೊನೆಗೆ 1705ರ ಫೆಬ್ರುವರಿಯಲ್ಲಿ ಔರಂಗಜೇಬ ಬಾದಶಹನೇ ಬಂದು ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 86. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಕಾಬೂಲಿನವರೆಗೆ ಆಳಿದವನ ಕೊನೆಯ ಯುದ್ಧ ನಮ್ಮ ಸುರಪುರ ತಾಲೂಕಿನಲ್ಲಿ ಆಯಿತು ಅಂದರೆ ಹೊರಗಿನವರು ನಂಬುವುದಿಲ್ಲ!

ವಾರಗಳು ಕಳೆದವು, ಕೋಟೆ ಸಿಗಲಿಲ್ಲ. ಧನಾಜಿ ಜಾಧವ ಮೊದಲಾದ ಮರಾಠಾ ಸರದಾರರೂ ಪಿಡ್ಡನಾಯಕನ ನೆರವಿಗೆ ಬಂದರು. ಈ ನಡುವೆ ಒಂದು ಕಾಗದ ಬಂತು. ತಂದವನು ಅಬ್ದುಲ್ ಗನಿ ಎಂಬ ಕಾಶ್ಮೀರಿ ಫೇರಿ ವ್ಯಾಪಾರಿ. ಅದು ಬಾದಶಹನ ಹತ್ತಿರದ ಒಬ್ಬ ಅಧಿಕಾರಿಯ ಕೈಗೆ ಬಂದು, ಅವನ ಮೂಲಕ ಬಾದಶಹನಿಗೆ ಮುಟ್ಟಿತು. ನಾಯಕ ಶರಣಾಗಲು ಸಿದ್ಧನಿದ್ದಾನೆ ಎಂಬುದು ಅದರ ಸಾರ. ನಂಬಿಕೆ ಬರಲಿ ಅಂತ ನಾಯಕನ ತಮ್ಮನೇ ಮೊಘಲರ ಡೇರೆಗೆ ಬಂದು ಒತ್ತೆಯಾಗಿ ಕುಳಿತ. ಮೊಘಲರ ಕಡೆಯಿಂದ ಮೊಹ್ತಶಮ್ ಖಾನ್ ಎಂಬುವವನು ಕೆಲವೇ ಜನರೊಂದಿಗೆ ಕೋಟೆಯ ಒಳಗೆ ಹೋದ. ಡೇರೆಯಲ್ಲಿ ಸಂಭ್ರಮ. ದರ್ಬಾರಿನವರು ಬಾದಶಹನಿಗೆ ಮುಬಾರಕ್ ಹೇಳಿದರು.

ಆಮೇಲೆ ಸುದ್ದಿಗಳು ಬರತೊಡಗಿದವು. ನಾಯಕನಿಗೆ ಜ್ವರ ಬಂದಿದೆ. ನಾಯಕನಿಗೆ ಹುಚ್ಚು ಹಿಡಿದಿದೆ. ನಾಯಕ ಕೋಟೆ ಬಿಟ್ಟು ಓಡಿಹೋಗಿದ್ದಾನೆ. ಅವನ ತಾಯಿಯ ಬೇಡಿಕೆ ಬೇರೆ, ತಮ್ಮನಿಗೇ ಪಟ್ಟ ಕೊಡಿ ಅಂತ. ಎಲ್ಲ ಸುಳ್ಳು. ನಾಯಕ ಒಳಗೇ ಗಟ್ಟಿಮುಟ್ಟಾಗಿದ್ದ. ಒಳಗೆ ಹೋದ ಮೊಹ್ತಶಮ್ ಖಾನನೇ ಸೆರೆಯಾಳು. ಬೇಕಾಗಿದ್ದದ್ದು ಹೊತ್ತು, ಅದು ಸಿಕ್ಕಿತ್ತು.

ಕಥೆಯ ಕೊನೆ ಗೊತ್ತಲ್ಲ. ಜುಲ್ಫಿಕಾರ್ ಖಾನನ ಸೈನ್ಯ ಬಂದು ಕೂಡಿಕೊಂಡ ಮೇಲೆ 1705ರ ಏಪ್ರಿಲ್ 27ರಂದು ಕೋಟೆ ಬಿತ್ತು. ಆದರೆ ಪಿಡ್ಡನಾಯಕ ಸಿಗಲಿಲ್ಲ, ರಾತ್ರಿಯಲ್ಲಿ ಜಾರಿಕೊಂಡಿದ್ದ. ಬಾದಶಹ ಅಲ್ಲೇ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಬಿದ್ದ, ಎರಡು ವರ್ಷದೊಳಗೆ 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಜದುನಾಥ ಸರ್ಕಾರರ ದೊಡ್ಡ ಪುಸ್ತಕದಲ್ಲಿ ಈ ಪ್ರಸಂಗ ವಿವರವಾಗಿಯೇ ಇದೆ.

ಅಪ್ಪ ಇದನ್ನು ಕೋಟೆಯ ಕಲ್ಲಿನ ಮೇಲೆ ನಿಂತು ಹೇಳಿ, ಕೊನೆಗೆ ಹುಡುಗರಿಗೆ ಒಂದು ಪ್ರಶ್ನೆ ಕೇಳುತ್ತಿದ್ದರು. "ಐವತ್ತು ವರ್ಷ ರಾಜ್ಯ ಆಳಿದ ಮನಿಷ್ಯಾ. ಅಣ್ಣ ತಮ್ಮಂದಿರನ್ನೇ ನಂಬದವ. ಇವ ಒಂದು ಕಾಗದ ಹ್ಯಾಂಗ ನಂಬಿದ?"

ನಾವು ಹುಡುಗರು "ದಡ್ಡ ಇದ್ನರೀ ಸರ" ಅಂತ ಕೂಗುತ್ತಿದ್ದೆವು. ಅಪ್ಪ ತಲೆ ಅಲ್ಲಾಡಿಸಿ ನಗುತ್ತಿದ್ದರು. ಉತ್ತರ ಹೇಳುತ್ತಿರಲಿಲ್ಲ.

*

ಸುರಪುರಕ್ಕೂ ಮೋಸದ ಇತಿಹಾಸಕ್ಕೂ ಇನ್ನೊಂದು ನಂಟಿದೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದ್ದೀರಾ? ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದ ಮೊದಲಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಬಾಲಕ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು, ರಾಜನಕೋಳೂರಿನ ಕಲ್ಮನೆಗಳನ್ನು ಹೊರಜಗತ್ತಿಗೆ ತಿಳಿಸಿದವನೂ ಅವನೇ. ಆದರೆ ಅವನಿಗೆ ಹೆಸರು ತಂದದ್ದು ಸುರಪುರಕ್ಕೆ ಬರುವ ಮೊದಲು, 1839ರಲ್ಲಿ ಬಂದ ಒಂದು ಕಾದಂಬರಿ. ಅಮೀರ್ ಅಲಿ ಎಂಬ ಠಗ್ಗ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಪುಸ್ತಕ ಅದು. ನಿಜಾಮನ ಸೀಮೆಯಲ್ಲಿ ನೌಕರಿಯಲ್ಲಿದ್ದಾಗ ಸಿಕ್ಕಿಬಿದ್ದ ಠಗ್ಗರ ಹೇಳಿಕೆಗಳನ್ನು ಟೇಲರ್ ಕೇಳಿದ್ದ.

ನಮ್ಮ ಕಡೆ ಇವರಿಗೆ ಇದ್ದ ಹೆಸರು ತಂತಿ ಕಳ್ಳರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತ ಇಂಥ ನೂರರಷ್ಟು ಜನರನ್ನು ಹಿಡಿದಿದ್ದರು. ಅವರ ಬಗ್ಗೆ 1816ರಲ್ಲಿ ಬರೆದ ಶೆರ್ವುಡ್ ಎಂಬ ಡಾಕ್ಟರ ಕನ್ನಡದ ಈ ಹೆಸರನ್ನೂ ಬರೆದಿಟ್ಟಿದ್ದಾನೆ. ಠಗ್ಗರ ಬಗ್ಗೆ ಬ್ರಿಟಿಷರು ಬರೆದದ್ದೆಲ್ಲ ನಿಜವಲ್ಲ, ದೇವಿಗೆ ಬಲಿ ಕೊಡುವ ಗುಪ್ತ ಪಂಥ ಅಂತೆಲ್ಲ ಉಪ್ಪುಖಾರ ಹಚ್ಚಿದ್ದಾರೆ ಅಂತ ಈಗಿನ ಇತಿಹಾಸಕಾರರು ಹೇಳುತ್ತಾರೆ. ಇರಲಿ. ನನಗೆ ಬೇಕಾದದ್ದು ಅವರ ದೇವರು ಯಾವುದು ಅಂತ ಅಲ್ಲ, ಅವರ ಕೆಲಸದ ಕ್ರಮ.

ಗುಂಪಿನಲ್ಲಿ ಎಲ್ಲರ ಕೆಲಸ ಒಂದೇ ಅಲ್ಲ. ಕುತ್ತಿಗೆಗೆ ಬಟ್ಟೆ ಹಾಕುವವ ಬೇರೆ, ಗುಂಡಿ ತೋಡುವವ ಬೇರೆ. ಎಲ್ಲಕ್ಕಿಂತ ಮೊದಲು ಮಾತಾಡುವವ ಬೇರೆ. ಸ್ಲೀಮನ್ ಸಾಹೇಬ 1836ರಲ್ಲಿ ಅಚ್ಚು ಹಾಕಿಸಿದ ಠಗ್ಗರ ಗುಪ್ತ ಭಾಷೆಯ ನಿಘಂಟಿನಲ್ಲಿ ಇವನಿಗೆ ಸೋಥಾ ಅಂತ ಹೆಸರಿದೆ. ಒಳ್ಳೆ ಬಟ್ಟೆ, ಒಳ್ಳೆ ಮಾತು. ಊರ ಹೊರಗಿನ ತೋಪಿನಲ್ಲೋ ಧರ್ಮಶಾಲೆಯಲ್ಲೋ ಪ್ರಯಾಣಿಕರ ಪಕ್ಕ ಬಂದು ಕೂತು ಯಾವೂರು, ಎತ್ತ ಹೊರಟಿದ್ದೀರಿ ಅಂತ ವಿಚಾರಿಸಿ ಇವನು ಹೇಳುತ್ತಿದ್ದ ಮಾತೇನು ಗೊತ್ತೇ? "ದಾರಿ ಸರಿಯಿಲ್ಲ ಸ್ವಾಮಿ, ಕಳ್ಳರ ಕಾಟ. ನಾವೂ ಅತ್ತಲೇ ಹೊರಟಿದ್ದೇವೆ, ಜೊತೆಯಾಗಿ ಹೋಗೋಣ."

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನಿಮ್ಮ ಖಾತೆಗೆ ಅಪಾಯ ಬಂದಿದೆ, ನಾವು ಕಾಪಾಡುತ್ತೇವೆ. ನಿಮ್ಮ ಪಿಂಚಣಿ ನಿಲ್ಲುತ್ತದೆ, ನಾವು ಸರಿಮಾಡುತ್ತೇವೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ, ಹೇಳಿದ ಹಾಗೆ ಕೇಳಿದರೆ ಬಿಡಿಸುತ್ತೇವೆ. ಇನ್ನೂರು ವರ್ಷವಾದರೂ ಮಾತು ಅದೇ. ಮೊದಲು ಅಂಜಿಕೆ, ಆಮೇಲೆ ಆಸರೆ. ಎರಡೂ ಒಬ್ಬನ ಬಾಯಿಂದಲೇ.

*

ಈಗ ಕಂಪ್ಯೂಟರಿನ ಕಾಲಕ್ಕೆ ಬರೋಣ. ಫಿಶಿಂಗ್ ಅನ್ನುವುದು ಮೀನು ಹಿಡಿಯುವುದು ಎಂಬ ಇಂಗ್ಲಿಷ್ ಪದವೇ, ಮೊದಲ ಅಕ್ಷರ ಎಫ್ ಬದಲು ಪಿ ಮತ್ತು ಎಚ್ ಅಷ್ಟೇ. ಹುಟ್ಟಿದ್ದು 1990ರ ದಶಕದ ಮಧ್ಯದಲ್ಲಿ, ಅಮೆರಿಕಾ ಆನ್‌ಲೈನ್ ಎಂಬ ಕಂಪನಿಯ ಗಿರಾಕಿಗಳ ನಡುವೆ. ಕಂಪನಿಯ ನೌಕರರ ಹೆಸರಿನಲ್ಲಿ ಮೆಸೇಜು ಕಳಿಸಿ "ನಿಮ್ಮ ಖಾತೆ ಪರಿಶೀಲಿಸಬೇಕು, ಪಾಸ್‌ವರ್ಡ್ ಕಳಿಸಿ" ಅನ್ನುತ್ತಿದ್ದರು, ಜನ ಕಳಿಸುತ್ತಿದ್ದರು. ಆಗಿನ ಕಳ್ಳರಲ್ಲಿ ಬಹಳ ಮಂದಿ ಪಡ್ಡೆ ಹುಡುಗರು. 2003ರ ಹೊತ್ತಿಗೆ ಇದು ಬ್ಯಾಂಕುಗಳ ಕಡೆ ತಿರುಗಿ ದೊಡ್ಡ ದಂಧೆಯಾಯಿತು.

ನಮ್ಮ ದೇಶದಲ್ಲಿ ಇದು ಕೋರ್ಟಿನ ಮೆಟ್ಟಿಲು ಹತ್ತಿದ್ದು 2005ರಲ್ಲಿ. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಹೆಸರಿನಲ್ಲಿ ಯಾರೋ ಇಮೇಲ್ ಕಳಿಸಿ ಜನರ ಮಾಹಿತಿ ಸಂಗ್ರಹಿಸುತ್ತಿದ್ದರು. ದೆಹಲಿ ಹೈಕೋರ್ಟಿನಲ್ಲಿ ರೂ. 16 ಲಕ್ಷ ಪರಿಹಾರಕ್ಕೆ ರಾಜಿಯಾಯಿತು. ಆಗ ನಮ್ಮ ಕಾನೂನಿನಲ್ಲಿ ಫಿಶಿಂಗ್ ಅಂತ ಒಂದು ಅಪರಾಧವೇ ಇರಲಿಲ್ಲ. ಆದರೂ ನ್ಯಾಯಾಲಯ ಅದೇನೆಂದು ವಿವರಿಸಿ ಅದು ಅಕ್ರಮ ಅಂತ ಹೇಳಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, ಬೇರೆಯವರ ಪಾಸ್‌ವರ್ಡ್ ಕದಿಯುವುದಕ್ಕೆ 66ಸಿ, ಬೇರೆಯವರ ವೇಷ ಹಾಕಿ ಕಂಪ್ಯೂಟರಿನ ಮೂಲಕ ವಂಚಿಸುವುದಕ್ಕೆ 66ಡಿ ಕಲಂ ಬಂದವು. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇವು ಜಾರಿಗೆ ಬಂದದ್ದು 2009ರ ಅಕ್ಟೋಬರಿನಲ್ಲಿ. ಅದೇ ವರ್ಷದ ಡಿಸೆಂಬರ್ 30ಕ್ಕೆ ನಮ್ಮ ಯಾದಗಿರಿ ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅವತ್ತು ನಮ್ಮೂರಲ್ಲಿ ಪಟಾಕಿ ಹೊಡೆದವರಿಗೆ 66ಡಿ ಅಂದರೇನು ಅಂತ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ. ಆಗ ಅಪ್ಪ ಬ್ಯಾಂಕಿಗೆ ಪಾಸ್‌ಬುಕ್ ಹಿಡಿದುಕೊಂಡೇ ಹೋಗುತ್ತಿದ್ದರು.

ಆದರೆ ಅಪ್ಪನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಕಾನೂನಲ್ಲ, 2006ರ ಒಂದು ಅಧ್ಯಯನ. ರಚನಾ ಧಮೀಜಾ, ಟೈಗರ್, ಹರ್ಸ್ಟ್ ಎಂಬ ಮೂವರು ಅಮೆರಿಕದಲ್ಲಿ ಮಾಡಿದ್ದು. 22 ಜನರನ್ನು ಕೂರಿಸಿ ಕೆಲವು ನಿಜವಾದ, ಕೆಲವು ಖೋಟಾ ಜಾಲತಾಣಗಳನ್ನು ತೋರಿಸಿ, ಯಾವುದು ನಿಜ ಹೇಳಿ ಅಂದರು. ಗಮನಿಸಿ, ಇದರಲ್ಲಿ ಖೋಟಾ ಇರಬಹುದು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದರೂ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಖೋಟಾ ತಾಣ ನೂರಕ್ಕೆ 90ರಷ್ಟು ಜನರನ್ನು ಬೀಳಿಸಿತು. ಅದರ ಗುಟ್ಟು ಏನಿತ್ತು ಅಂದರೆ, ಬ್ಯಾಂಕಿನ ವಿಳಾಸದಲ್ಲಿ ಒಂದು ಡಬ್ಲ್ಯೂ ಬದಲಿಗೆ ಎರಡು ವಿ ಅಕ್ಕಪಕ್ಕ ಕೂರಿಸಿದ್ದರು. ಅಷ್ಟೇ! ನಮ್ಮಲ್ಲಿ "ಮ" ಮತ್ತು "ವು" ಅಕ್ಷರಗಳನ್ನು ಅವಸರದಲ್ಲಿ ಓದುವವನಿಗೆ ಒಂದೇ ಅನ್ನಿಸುತ್ತದಲ್ಲ, ಹಾಗೆ. ಸುಮಾರು ಕಾಲುಭಾಗ ಜನ ವಿಳಾಸದ ಪಟ್ಟಿ, ಬೀಗದ ಚಿತ್ರ ಯಾವುದನ್ನೂ ನೋಡಲೇ ಇಲ್ಲ. ಪುಟ ಚೆನ್ನಾಗಿದೆಯಾ, ನೋಡಿದ್ದರಂತೆ ಇದೆಯಾ, ಅಷ್ಟನ್ನೇ ನೋಡಿದರು.

ಇನ್ನೊಂದು ವಿಷಯ. ವಯಸ್ಸು, ಓದು, ಗಂಡು ಹೆಣ್ಣು, ಎಷ್ಟು ವರ್ಷದಿಂದ ಕಂಪ್ಯೂಟರ್ ಬಳಸುತ್ತಿದ್ದಾರೆ, ಯಾವುದಕ್ಕೂ ಬೀಳುವುದಕ್ಕೂ ಗಟ್ಟಿಯಾದ ಸಂಬಂಧ ಅವರಿಗೆ ಕಾಣಲಿಲ್ಲ. 22 ಜನ ಅಂದರೆ ಸಣ್ಣ ಲೆಕ್ಕವೇ, ಒಪ್ಪುತ್ತೇನೆ. ಆದರೂ "ಅಷ್ಟು ಓದಿದವರು ನೀವು" ಅಂತ ನಾನು ಅಪ್ಪನಿಗೆ ಅಂದ ಮಾತಿಗೆ ಅರ್ಥವೇ ಇರಲಿಲ್ಲ ಅಂತ ಅವತ್ತು ತಿಳಿಯಿತು.

ಈಗ ನನ್ನದೇ ಕಥೆ ಕೇಳಿ, ನಗಬೇಡಿ. ನಾನು ಕೆಲಸ ಮಾಡುವ ಕಡೆ ವರ್ಷಕ್ಕೆರಡು ಸಲ ಪರೀಕ್ಷೆಗೆಂದು ಖೋಟಾ ಇಮೇಲ್ ಕಳಿಸುತ್ತಾರೆ. ಒತ್ತಿದವರಿಗೆ ಒಂದು ತಾಸಿನ ಪಾಠ. ಅಪ್ಪನಿಗೆ ಬೈದ ಮೂರನೇ ತಿಂಗಳಿಗೆ ನನಗೊಂದು ಇಮೇಲ್ ಬಂತು, "ಈ ವರ್ಷದ ಬೋನಸ್ ಪಟ್ಟಿ, ಸಂಜೆ 5ರೊಳಗೆ ನೋಡಿ ಒಪ್ಪಿಗೆ ಕೊಡಿ" ಅಂತ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಹಾ, ಎದುರಿಗೆ ಮೀಟಿಂಗು. ಒತ್ತಿಯೇ ಬಿಟ್ಟೆ! ಪಾಠದ ಕೋಣೆಯಲ್ಲಿ ನನ್ನ ಪಕ್ಕ ಕೂತವನು ನೆಟ್‌ವರ್ಕ್ ವಿಭಾಗದವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ :(

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಆ ಗಳಿಗೆಯಲ್ಲಿ ನೆನಪಾಗುವುದು ಬೇರೆ. ಮನುಷ್ಯ ದಿನಕ್ಕೆ ನೂರು ಸಲ ನಂಬದಿದ್ದರೆ ಬದುಕೇ ನಡೆಯುವುದಿಲ್ಲ. ಹಾಲಿನವನನ್ನು ನಂಬುತ್ತೇವೆ, ಬಸ್ಸಿನ ಬೋರ್ಡು ನಂಬುತ್ತೇವೆ, ಔಷಧಿ ಅಂಗಡಿಯ ಚೀಟಿ ನಂಬುತ್ತೇವೆ. ಕಳ್ಳ ಕನ್ನ ಹಾಕುವುದು ನಮ್ಮ ದಡ್ಡತನಕ್ಕಲ್ಲ, ಈ ಅಭ್ಯಾಸಕ್ಕೆ.

*

ಅಪ್ಪನ ದುಡ್ಡಿನ ಕಥೆ ಮುಗಿಸಿಬಿಡುತ್ತೇನೆ. ಅವತ್ತು ರಾತ್ರಿಯೇ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ನಿಮಗೆಲ್ಲ ಗೊತ್ತಿರಲಿ, ಇದು ಇಡೀ ದೇಶಕ್ಕೆ ಒಂದೇ ನಂಬರು. 2021ರಲ್ಲಿ ಶುರುವಾದಾಗ 155260 ಇತ್ತು, ಆಮೇಲೆ 1930 ಆಯಿತು. ದೂರು ಬಂದ ಕೂಡಲೇ ದುಡ್ಡು ಹೋದ ಬ್ಯಾಂಕಿಗೆ, ಅಲ್ಲಿಂದ ಮುಂದೆ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟಿಸಿ, ದಾರಿಯಲ್ಲಿ ಎಲ್ಲಾದರೂ ಸಿಕ್ಕರೆ ಅಲ್ಲೇ ತಡೆದು ಹಿಡಿಯುವ ವ್ಯವಸ್ಥೆ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಆ ಖಾತೆಗಳೂ ಬಹಳ ಸಲ ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್ ಬಾಡಿಗೆ ಕೊಟ್ಟ ಯಾರೋ ಬಡವರದ್ದು. ಅರ್ಧ ತಾಸು, ಒಂದು ತಾಸಿನಲ್ಲಿ ದೂರು ಕೊಟ್ಟರೆ ಸಿಗುವ ಸಾಧ್ಯತೆ ಇರುತ್ತದೆ. ನಾವು ಕೊಟ್ಟದ್ದು ನಾಲ್ಕನೇ ದಿನ. ಅಷ್ಟರಲ್ಲಿ ಎಲ್ಲ ಖಾಲಿ.

ಯಾದಗಿರಿಗೆ ಹೋಗಿ ಸೈಬರ್ ಅಪರಾಧ ಠಾಣೆಯಲ್ಲೂ ದೂರು ಬರೆದುಕೊಟ್ಟೆವು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯನ್ನು ಓದಿದೆ. ತಪ್ಪು ಗಿರಾಕಿಯದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂತಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಆದರೆ ಗಿರಾಕಿ ತಾನೇ ಪಿನ್ನು ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದ್ದೇ. ತಿಳಿಸಿದ ಮೇಲಿನದ್ದು ಮಾತ್ರ ಬ್ಯಾಂಕಿನದ್ದು. ಅಂದರೆ ಎಲ್ಲಿ ನೋಡಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ, ಎಷ್ಟು ಬೇಗ ಬಾಯಿಬಿಟ್ಟೆ?

ಅಪ್ಪ ಯಾಕೆ ನಾಲ್ಕು ದಿನ ಬಾಯಿ ಬಿಡಲಿಲ್ಲ? ಹೆದರಿದ್ದು ಕಳ್ಳನಿಗಲ್ಲ, ನನಗೆ. "ಊರಿಗೆಲ್ಲ ಬುದ್ಧಿ ಹೇಳೋ ಮಾಸ್ತರ ತಾನೇ ಬಿದ್ದ" ಅನ್ನುವ ಮಾತಿಗೆ. ಬ್ಯಾಂಕಿನಲ್ಲಿ ಕುರ್ಚಿ ಹಾಕುವ ಶಿಷ್ಯನಿಗೆ. ಕಳ್ಳನಿಗೆ ಬೇಕಾದ ಹೊತ್ತನ್ನು ಕೊಟ್ಟದ್ದು ಈ ನಾಚಿಕೆ. ಮತ್ತು ಅವರ ಲೆಕ್ಕ ತಪ್ಪಿರಲಿಲ್ಲ, ನಾನು ಅಂದದ್ದೂ ಅದನ್ನೇ ಅಲ್ಲವೇ?

2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ ಹೇಳಿದರು. 2025ರಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳ ಜಾಲತಾಣದ ವಿಳಾಸ ಬ್ಯಾಂಕ್ ಡಾಟ್ ಇನ್ ಅಂತ ಕೊನೆಯಾಗಬೇಕು ಅಂತ ಮಾಡಿತು, ಖೋಟಾ ಗುರುತಿಸಲು ಸುಲಭವಾಗಲಿ ಅಂತ. ಒಳ್ಳೆಯದೇ. ಆದರೆ ಬಿದ್ದವರನ್ನು ನೋಡಿ ನಗುವುದನ್ನು ನಾವು ಬಿಡದಿದ್ದರೆ ಇವೆಲ್ಲ ಅರ್ಧ ಕೆಲಸ ಮಾತ್ರ ಮಾಡುತ್ತವೆ.

*

ಮೊನ್ನೆ ಊರಿಗೆ ಹೋದಾಗ ಅಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ವಾಗಣಗೇರಾಕ್ಕೆ ಹೋದೆ. ಮೊಣಕಾಲು ನೋವು, ಮೇಲಿನವರೆಗೆ ಹತ್ತಲು ಆಗಲಿಲ್ಲ. ಕೆಳಗೆ ಒಂದು ಬಂಡೆಯ ಮೇಲೆ ಕೂತರು. ಸುತ್ತ ಹತ್ತಿ ಬಿಡಿಸುವವರ ಮಾತು ಕೇಳಿಸುತ್ತಿತ್ತು.

ನಾನೇ ಕೇಳಿದೆ. "ಅಪ್ಪಾ, ನೀವು ಕೇಳ್ತಿದ್ದ ಪ್ರಶ್ನೆ. ಬಾದಶಹ ಆ ಕಾಗದ ಹ್ಯಾಂಗ ನಂಬಿದ? ಉತ್ತರ ಒಮ್ಮೆನೂ ಹೇಳಲಿಲ್ಲ ನೀವು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು.

"ಆವಾಗ ನನಗೂ ಪೂರಾ ಗೊತ್ತಿರಲಿಲ್ಲ ತಮ್ಮಾ. ಪುಸ್ತಕ ಓದಿ ಹೇಳ್ತಿದ್ದೆ. ಈಗ ಗೊತ್ತಾತು. ಅಂವಗ ವಯಸ್ಸಾಗಿತ್ತು, ಸಾಕಾಗಿತ್ತು. ಈ ಯುದ್ಧ ಮುಗಿದ್ರ ಸಾಕು ಅನ್ನೂದು ಅವನ ಮನಸ್ಸಿನ್ಯಾಗ ಇತ್ತು. ಅದನ್ನ ಬರದು ಕಾಗದ ಬಂತು. ನನಗ ಪಿಂಚಣಿ ನಿಲ್ತದೇನೋ ಅನ್ನೋ ಅಂಜಿಕಿ ಎಲ್ಲಾ ನವೆಂಬರಿನ್ಯಾಗೂ ಇರ್ತದ. ಅದನ್ನ ಬಲ್ಲಂವ ಫೋನ್ ಮಾಡಿದ. ಕಾಗದ ಹೊರಗಿಂದ ಬರ್ತದ ಅಂತೀವಿ. ಅರ್ಧ ನಮ್ಮ ಒಳಗ ಮೊದಲೇ ಬರದಿರ್ತದ."

ನನಗೆ ಒಂದು ಸಂಶಯ ಇತ್ತು, ಅದನ್ನೂ ಕೇಳಿದೆ. ಹಾಗಾದರೆ ಪಿಡ್ಡನಾಯಕನೂ ಅದೇ ಕಳ್ಳನೇ?

"ಛೇ ಛೇ, ಹಂಗಲ್ಲ" ಅಂದರು, ಪಾಠದ ದನಿ ಮರಳಿ ಬಂದಿತ್ತು. "ಮನಿ ಮುಂದ ದಂಡು ತಂದು ನಿಂದ್ರಿಸಿದವಗ ಸುಳ್ಳು ಹೇಳೂದು ಬ್ಯಾರೆ, ಮುದುಕನ ಪಿಂಚಣಿಗಿ ಕೈ ಹಾಕೂದು ಬ್ಯಾರೆ. ಉಪಾಯ ಒಂದೇ ಇರಬಹುದು, ಧರ್ಮ ಒಂದಲ್ಲ." ಒಂದು ಗಳಿಗೆ ಬಿಟ್ಟು, "ಆದ್ರ ಬಿದ್ದವನ ಸಂಕಟ ಒಂದೇ. ಪಾಪ, ಬಾದಶಹಗೂ ಯಾರಿಗೂ ಹೇಳಲಾರದಷ್ಟು ನಾಚಿಕಿ ಆಗಿರಬೇಕು" ಅಂತ ನಕ್ಕರು. ನವೆಂಬರಿನ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಆಗ ನಾನು ಹೇಳಬೇಕಾದ ಮಾತು ಹೇಳಿದೆ. ಬೋನಸ್ ಪಟ್ಟಿಯ ಕಥೆ ಹೇಳಿದೆ, ಒಂದು ತಾಸಿನ ಪಾಠಕ್ಕೆ ಕೂತದ್ದನ್ನೂ ಹೇಳಿದೆ. ಅವತ್ತು ಫೋನಿನಲ್ಲಿ ಅಂದ ಮಾತು ತಪ್ಪಾಯಿತು ಅಂದೆ. ಅಪ್ಪ ನನ್ನ ಮುಖ ನೋಡಿ "ಅಷ್ಟು ಓದಿದಂವ ನೀನು!" ಅಂದರು. ಇಬ್ಬರೂ ಜೋರಾಗಿ ನಕ್ಕೆವು, ಹತ್ತಿ ಬಿಡಿಸುವವರು ತಿರುಗಿ ನೋಡುವ ಹಾಗೆ.

ಈಗ ಅಪ್ಪ ಒಂದು ಕೆಲಸ ಶುರುಮಾಡಿದ್ದಾರೆ. ತಿಂಗಳಿಗೊಮ್ಮೆ ನಿವೃತ್ತ ನೌಕರರು ಸೇರುವ ಕಡೆ ಹೋಗಿ, ಮೊದಲ ಮಾತೇ "ನಂದು ಒಂದು ಲಕ್ಷ ಹನ್ನೆರಡು ಸಾವಿರ ಹೋಗ್ಯದ, ನಿಮ್ಮದೆಷ್ಟು?" ಅಂತ ಕೇಳುತ್ತಾರಂತೆ. ಮೊದಲ ಸಲ ಯಾರೂ ಮಾತಾಡಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಹೊರಗೆ ಬಂದು ಮೆಲ್ಲಗೆ, "ಸರ, ನಂದೂ ಹೋಗ್ಯಾವ್ರೀ, ಮನ್ಯಾಗ ಹೇಳಿಲ್ಲ" ಅಂದರಂತೆ.

ನಿಮ್ಮ ಮನೆಯಲ್ಲೂ ಅಪ್ಪ ಅಮ್ಮ ಇರುತ್ತಾರೆ. ಲಿಂಕು ಒತ್ತಬೇಡಿ, ಒಟಿಪಿ ಕೊಡಬೇಡಿ ಅಂತ ಅವರಿಗೆ ಹೇಳಿಯೇ ಇರುತ್ತೀರಿ. ಅದರ ಜೊತೆ ಇನ್ನೊಂದು ಮಾತು ಹೇಳಿ. "ಆಕಸ್ಮಾತ್ ಒತ್ತಿಬಿಟ್ಟರೆ ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ನನಗೆ ಮಾಡಿ, ನಾನು ಬೈಯುವುದಿಲ್ಲ" ಅಂತ. ಇದನ್ನು ಇವತ್ತೇ ಹೇಳಿ. ನಾನು ಹೇಳಿರಲಿಲ್ಲ.

ಮತ್ತೆ ಸಿಗೋಣ.